ಎಲೆ ಮುಂದಿನಿಂದ ಎದ್ದುಹೋದ ಮೇಷ್ಟ್ರು: ಒಂದು ಪ್ರಕರಣ ಅಧ್ಯಯನ

ಗಣಿತದ ಮೇಷ್ಟ್ರು. ವಯಸ್ಸು 49. ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ. ಟೈಪ್ 2 ಡಯಾಬಿಟಿಸ್ ಇದೆ ಅಂತ ಗೊತ್ತಾಗಿ ಎಂಟು ವರ್ಷ. ಮೊದಲು ಮೆಟ್‌ಫಾರ್ಮಿನ್ ಮಾತ್ರೆ ಒಂದೇ ಇತ್ತು, ಆಮೇಲೆ ಗ್ಲಿಮೆಪಿರೈಡ್ ಸೇರಿತು. ನನ್ನ ಹತ್ತಿರ ಬರುವ ಹೊತ್ತಿಗೆ ಇನ್ಸುಲಿನ್ ಶುರುವಾಗಿ ನಾಲ್ಕು ತಿಂಗಳಾಗಿತ್ತು. 30/70 ಮಿಶ್ರಣದ್ದು, ಬೆಳಗ್ಗೆ ತಿಂಡಿಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಅವರ ಊರಿನಲ್ಲೇ ಒಳ್ಳೆಯ ಡಾಕ್ಟರಿದ್ದಾರೆ. ಆದರೂ ರೈಲು ಹತ್ತಿ ತಿಪಟೂರಿಗೆ ಬರುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಅಲ್ಲಿ ಕಾಯೋ ಜಾಗದಲ್ಲಿ ಕೂತಿರೋರಲ್ಲಿ ಅರ್ಧ ಜನ ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಮೇಡಂ" ಅಂದರು.

ನಾನು ಡಾಕ್ಟರಲ್ಲ, ಆಪ್ತಸಮಾಲೋಚಕಿ. ಇದನ್ನು ಬರೆಯಲು ಮೇಷ್ಟ್ರು ಮತ್ತು ಅವರ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ತಿಪಟೂರಿನ ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದ್ದು ಲೆಕ್ಕ ತಾಳೆಯಾಗದೆ. ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಪರವಾಗಿಲ್ಲ ಅನ್ನುವಂತಿತ್ತು. ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4. ಅಂದರೆ ಹಗಲು ಹೊತ್ತಿನಲ್ಲಿ ಎಲ್ಲೋ ಏರುತ್ತಿದೆ. ಗ್ಲುಕೋಮೀಟರಿನ ಮೆಮೊರಿ ತೆಗೆದು ನೋಡಿದರೆ ಸಂಗತಿ ಬಯಲಾಯಿತು. ಭಾನುವಾರ ಮಧ್ಯಾಹ್ನದ ಅಂಕಿಗಳು ಚೆನ್ನಾಗಿದ್ದವು. ಸೋಮವಾರದಿಂದ ಶನಿವಾರದವರೆಗೆ ಸಂಜೆಯ ಅಂಕಿಗಳು 280, 310. ಶಾಲೆ ಇರುವ ದಿನ ಬೆಳಗಿನ ಇನ್ಸುಲಿನ್ ಬಿಡುತ್ತಿದ್ದರು. ಮರೆತು ಅಲ್ಲ, ಬೇಕಂತಲೇ. "ಮಾತಾಡಿ ನೋಡಿ" ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

ಸ್ಟಾಫ್ ರೂಮಿನಲ್ಲಿ ಆದದ್ದು

ಇನ್ಸುಲಿನ್ ಶುರುವಾದದ್ದು ಜೂನ್‌ನಲ್ಲಿ. ಜುಲೈ ತಿಂಗಳ ಒಂದು ದಿನ ಇನ್ನೊಬ್ಬ ಟೀಚರ್ ರಜೆ ಹಾಕಿದ್ದರಿಂದ ಇವರಿಗೆ ಒಂದು ಹೆಚ್ಚಿನ ಕ್ಲಾಸು ಬಿತ್ತು. ಅದು ಮುಗಿದರೆ ಬಿಸಿಯೂಟದ ಉಸ್ತುವಾರಿ. ಮಕ್ಕಳೆಲ್ಲ ಉಂಡು ಏಳುವವರೆಗೆ ಇವರು ಊಟದ ಡಬ್ಬಿ ತೆಗೆದಿರಲಿಲ್ಲ. ಗಂಟೆ ಎರಡು ದಾಟಿತ್ತು.

30/70 ಇನ್ಸುಲಿನ್‌ನಲ್ಲಿ 30 ಭಾಗ ಬೇಗ ಕೆಲಸ ಮಾಡುತ್ತದೆ, 70 ಭಾಗ ನಿಧಾನಕ್ಕೆ. ಬೆಳಗ್ಗೆ ಎಂಟರ ಹೊತ್ತಿಗೆ ಚುಚ್ಚಿಕೊಂಡರೆ ನಿಧಾನದ ಭಾಗ ಜೋರಾಗುವುದು ಮಧ್ಯಾಹ್ನದ ಆಚೀಚೆ. ಆ ಹೊತ್ತಿಗೆ ಹೊಟ್ಟೆಗೆ ಏನೂ ಬೀಳದಿದ್ದರೆ ಶುಗರ್ ಕೆಳಗೆ ಜಾರುತ್ತದೆ. 70ಕ್ಕಿಂತ ಕೆಳಗೆ ಹೋದರೆ ಕೈ ನಡುಗುವುದು, ಬೆವರುವುದು, ಸುಮ್ನೆ ಸಿಟ್ಟು ಬರುವುದು. ಇನ್ನೂ ಕೆಳಗಿಳಿದರೆ ಮಾತು ತೊದಲುತ್ತದೆ, ಯೋಚನೆ ಕಲಸಿಹೋಗುತ್ತದೆ. ನೋಡುವವರಿಗೆ ಕುಡಿದವರ ಹಾಗೆಯೇ ಕಾಣುತ್ತದೆ.

ಆ ದಿನ ಹಾಗೇ ಆಯಿತು. ಸ್ಟಾಫ್ ರೂಮಿಗೆ ಬಂದು, ಯಾವುದೋ ರಿಜಿಸ್ಟರ್ ವಿಷಯಕ್ಕೆ ಹೆಡ್‌ಮಾಸ್ಟರ ಮೇಲೆ ಕೂಗಾಡಿದರು. ಏನು ಹೇಳುತ್ತಿದ್ದಾರೆ ಅಂತ ಯಾರಿಗೂ ಅರ್ಥವಾಗಲಿಲ್ಲ. ಅಂಗಿ ಬೆವರಿನಲ್ಲಿ ಒದ್ದೆ. ಒಬ್ಬ ಸಹೋದ್ಯೋಗಿ ಹತ್ತಿರ ಬಂದು ಮೆಲ್ಲಗೆ ಮೂಸಿ ನೋಡಿದರು. ಆ ಸ್ಥಿತಿಯಲ್ಲೂ ಮೇಷ್ಟ್ರಿಗೆ ಗೊತ್ತಾದದ್ದು ಅದೊಂದೇ. ಕೊನೆಗೆ ಅಡುಗೆಯಾಕೆ ತಂದುಕೊಟ್ಟ ಸಕ್ಕರೆ ಹಾಕಿದ ಕಾಫಿ ಕುಡಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು.

ವಾರದೊಳಗೆ ಊರಲ್ಲಿ ಸುದ್ದಿ: ಮೇಷ್ಟ್ರು ಈಗೀಗ ಬೆಳಗ್ಗೆನೇ ಹಾಕ್ಕೊಂಡು ಬರ್ತಾರೆ.

ಇಲ್ಲಿಯವರೆಗಿನದು ವೈದ್ಯಕೀಯ. ನನಗೆ ಈ ಪ್ರಕರಣ ಮುಖ್ಯ ಅನ್ನಿಸಿದ್ದು ಆಮೇಲಿನದಕ್ಕೆ. ಅವರು ಆ ಸುದ್ದಿಯನ್ನು ಅಲ್ಲಗಳೆಯಲಿಲ್ಲ. "ಶುಗರ್ ಕಡಿಮೆಯಾಗಿತ್ತು, ಇನ್ಸುಲಿನ್ ತಗೋತೀನಿ" ಅಂದಿದ್ದರೆ ಮುಗಿಯುತ್ತಿತ್ತು. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ, ಕುಡುಕ ಅನ್ನಿಸಿಕೊಳ್ಳುವುದನ್ನು ಸಹಿಸಿಕೊಂಡರು, ಇದನ್ನು ಹೇಳಲಿಲ್ಲ. ಮತ್ತೆ ಹಾಗಾಗದಿರಲಿ ಅಂತ ಶಾಲೆಯ ದಿನ ಬೆಳಗಿನ ಸೂಜಿ ಬಿಟ್ಟರು. ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು.

"ಕುಡಿಯೋದು ಬಿಡಬಹುದು ಮೇಡಂ. ಇನ್ಸುಲಿನ್ ಅಂದ್ರೆ ಮುಗೀತು ಅಂತಲ್ವಾ?"

ಈ ಮಾತಿನ ಹಿಂದೆ ಅವರ ಅಪ್ಪ ಇದ್ದರು. ಅಪ್ಪನಿಗೂ ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಸರಿಯಾದ ಔಷಧಿ ಇಲ್ಲ. ಕಾಲಿಗೆ ಗ್ಯಾಂಗ್ರೀನ್ ಆಗಿ ಬೆಂಗಳೂರಿಗೆ ಹೊತ್ತುಕೊಂಡು ಹೋದಾಗಲೇ ಮೊದಲ ಸಲ ಇನ್ಸುಲಿನ್ ಕೊಟ್ಟದ್ದು. ಕಾಲು ತೆಗೆದರು. ವರ್ಷ ತುಂಬುವುದರೊಳಗೆ ತೀರಿಹೋದರು. ಮಗನ ನೆನಪಿನಲ್ಲಿ ಇವು ಒಂದರ ಹಿಂದೆ ಒಂದು ನಿಂತಿವೆ: ಮೊದಲು ಸೂಜಿ, ಆಮೇಲೆ ಕಾಲು, ಆಮೇಲೆ ಸಾವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕ್ರಮದ ನೆನಪು ಇದೆ. ತಡವಾಗಿ ಕೊಟ್ಟ ಮದ್ದಿಗೆ, ತಡ ಮಾಡಿದ್ದರ ಅಪವಾದವೂ ಅಂಟಿಕೊಂಡಿದೆ.

1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಸಾವಿನ ಹತ್ತಿರವಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟಿದ್ದನ್ನು, ಅವನು ಆಮೇಲೆ 13 ವರ್ಷ ಬದುಕಿದ್ದನ್ನು ಹೇಳಿದೆ. ತಲೆ ಅಲ್ಲಾಡಿಸಿದರು, ಅಷ್ಟೇ. ಅವರಿಗೆ ನಾಟಿದ್ದು ಬೇರೆಯದು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅನ್ನುವ ದೊಡ್ಡ ಅಧ್ಯಯನ ಟೈಪ್ 2 ಇರುವವರನ್ನು ವರ್ಷಗಳ ಕಾಲ ಹಿಂಬಾಲಿಸಿತ್ತು. ಚಿಕಿತ್ಸೆ ಯಾವುದೇ ಇರಲಿ, ವರ್ಷ ಕಳೆದ ಹಾಗೆ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಶಕ್ತಿ ಇಳಿಯುತ್ತಾ ಹೋಗುವುದು ಅದರಲ್ಲಿ ಕಂಡಿತ್ತು. "ಅಂದ್ರೆ ನಾನು ಬಾಯಿ ಕಟ್ಟದೆ ಹಿಂಗಾಯ್ತು ಅಂತ ಅಲ್ವಾ?" ಅಂತ ಕೇಳಿದರು. ಅದೊಂದೇ ಕಾರಣ ಅಲ್ಲ ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ. ನಾಲ್ಕು ತಿಂಗಳಿಂದ ಅವರು ತಮ್ಮನ್ನು ಫೇಲಾದ ಹುಡುಗನ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು.

ಗೃಹಪ್ರವೇಶದ ಊಟ

ಶ್ರಾವಣದಲ್ಲಿ ಭಾವಮೈದನ ಹೊಸ ಮನೆಯ ಗೃಹಪ್ರವೇಶ. ಎರಡನೇ ಪಂಕ್ತಿಯಲ್ಲಿ ಮೇಷ್ಟ್ರು ಕೂತಿದ್ದರು. ಒಬ್ಬಟ್ಟು ಬಡಿಸುವ ಹುಡುಗ ಬಂದ. ಎದುರು ಸಾಲಿನಲ್ಲಿ ನೀರು ಹಾಕುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದರು: "ಏಯ್, ಇವರಿಗೆ ಹಾಕ್ಬೇಡಪ್ಪ, ಇನ್ಸುಲಿನ್ ತಗೋತಾ ಇದ್ದಾರೆ."

ಇಡೀ ಸಾಲು ತಿರುಗಿತು. ಯಾರೋ "ಅಯ್ಯೋ, ಯಾವಾಗಿಂದ?" ಅಂದರು. ಇನ್ಯಾರೋ "ಅನ್ನನೂ ಕಡಿಮೆ ಹಾಕಿ" ಅಂದರು. ಮೇಷ್ಟ್ರು ಅರ್ಧ ಉಂಡ ಎಲೆ ಬಿಟ್ಟು ಎದ್ದು ಕೈ ತೊಳೆಯಲು ಹೋದರು. ನಮ್ಮಲ್ಲಿ ಪಂಕ್ತಿ ಮುಗಿಯುವ ಮುಂಚೆ ಎಲೆ ಮುಂದಿನಿಂದ ಏಳುವುದು ಸಣ್ಣ ಮಾತಲ್ಲ. ಹೊಸ ಮನೆಯ ಯಜಮಾನನಿಗೆ ಅದು ಅವಮಾನ, ಅಪಶಕುನ ಕೂಡ. ಭಾವಮೈದ ಹಿಂದೆಯೇ ಓಡಿ ಬಂದು "ಭಾವ, ಏನಾಯ್ತು?" ಅಂತ ಕೈ ಹಿಡಿದರೂ ನಿಲ್ಲಲಿಲ್ಲ. ಬೈಕ್ ಹತ್ತಿ ಮನೆಗೆ ಬಂದುಬಿಟ್ಟರು. ರಾತ್ರಿ ಗಂಡ ಹೆಂಡಿರ ನಡುವೆ ಜಗಳ. ಆಮೇಲೆ ಹದಿನೈದು ದಿನ ಮಾತಿಲ್ಲ.

ಮಾರನೇ ದಿನದಿಂದ ಫೋನುಗಳು. ಹಾಗಲಕಾಯಿ ರಸ ಕುಡಿ, ನೇರಳೆ ಬೀಜದ ಪುಡಿ ತಗೋ, ಇನ್ಸುಲಿನ್ ಗಿಡದ ಎಲೆ ದಿನಾ ಎರಡು ಅಗಿದು ತಿನ್ನು. ಚಿಕ್ಕಪ್ಪನೊಬ್ಬರು ಆ ಗಿಡವನ್ನು ಕುಂಡದ ಸಮೇತ ಬಸ್ಸಿನಲ್ಲಿ ಕಳಿಸಿಕೊಟ್ಟರು. ಇನ್ನೊಬ್ಬರು ಸಕ್ಕರೆ ಬಿಟ್ಟು ಬೆಲ್ಲ ತಿನ್ನಲು ಹೇಳಿದರು. (ಬೆಲ್ಲವೂ ಶುಗರನ್ನು ಏರಿಸುತ್ತದೆ. ರಾಗಿ ಮುದ್ದೆಯೂ ಎಷ್ಟು ಬೇಕಾದರೂ ಉಣ್ಣುವಂಥದ್ದಲ್ಲ, ಗಾತ್ರ ನೋಡಿಕೊಳ್ಳಬೇಕು. ಇದನ್ನು ಹೇಳಿದಾಗಲೆಲ್ಲ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.) ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಒಬ್ಬರೂ "ಹೇಗಿದೀಯಪ್ಪ?" ಅಂತ ಕೇಳಲಿಲ್ಲ ಅಂತ ಮೇಷ್ಟ್ರು ಹೇಳಿದರು.

ಅವರ ಸಿಟ್ಟು ಯಾತರ ಮೇಲೆ ಅನ್ನುವುದನ್ನು ಬಿಡಿಸಲು ನಮಗೆ ಸಮಯ ಹಿಡಿಯಿತು. ಒಬ್ಬಟ್ಟು ತಪ್ಪಿತು ಅಂತ ಅಲ್ಲ. ಅವರೇ ಅರ್ಧ ಸಾಕು ಅನ್ನುವವರಿದ್ದರಂತೆ. ಜನಕ್ಕೆ ಗೊತ್ತಾಯಿತು ಅನ್ನುವುದು ಒಂದು ಭಾಗ, ನಿಜ. ಅದಕ್ಕಿಂತ ಜಾಸ್ತಿ ನೋಯಿಸಿದ್ದು ತನ್ನ ವಿಷಯ ತನ್ನ ಬಾಯಿಂದ ಬರಲಿಲ್ಲ ಅನ್ನುವುದು. ಸ್ಟಾಫ್ ರೂಮಿನಲ್ಲಿ ಬೇರೆಯವರು ಸುಳ್ಳು ಕಟ್ಟಿದರು, ಊಟದ ಮನೆಯಲ್ಲಿ ಹೆಂಡತಿ ನಿಜ ಹೇಳಿದರು. ಎರಡು ಕಡೆಯೂ ಅವರು ಬಾಯಿ ಬಿಟ್ಟಿರಲಿಲ್ಲ. ಕಾಯಿಲೆ ಮುಚ್ಚಿಡಬೇಡಿ, ಎಲ್ಲರಿಗೂ ಹೇಳಿ ಅಂತ ಉಪದೇಶ ಮಾಡುವುದು ನಮ್ಮಂಥವರಿಗೆ ಸುಲಭ. ಇವರಿಗೆ ಆ ಉಪದೇಶ ಕೊಟ್ಟಿದ್ದರೆ ಇನ್ನೊಬ್ಬರು ಅವರ ಪರವಾಗಿ ತೀರ್ಮಾನ ಮಾಡಿದ ಹಾಗಾಗುತ್ತಿತ್ತು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದನ್ನು ಅವರ ಕೈಗೇ ವಾಪಸ್ ಕೊಡುವುದು ನನ್ನ ಕೆಲಸ ಅಂತ ನಾನು ತೀರ್ಮಾನಿಸಿದೆ.

ಹೆಂಡತಿ ಹೇಳಿದ್ದು

ಎರಡನೇ ಸಲ ಹೆಂಡತಿಯೂ ಬಂದರು. ಮೊದಲು ಅವರೊಬ್ಬರ ಜೊತೆಯೇ ಮಾತಾಡಿದೆ. ಬಂದು ಕೂತ ತಕ್ಷಣ, "ನಾನೇ ತಪ್ಪು ಮಾಡಿದ್ದು ಅಂತ ಹೇಳಿ ಕಳಿಸ್ತೀರಾ ಮೇಡಂ?" ಅಂತ ಕೇಳಿದರು.

ಮಾವನ ಕಾಲಿಗೆ ಡ್ರೆಸ್ಸಿಂಗ್ ಮಾಡಿದ್ದು ಇವರು. ಮದುವೆಯಾಗಿ ಬಂದ ಮೊದಲ ವರ್ಷ ಅದು. ವಾಸನೆ ಇನ್ನೂ ನೆನಪಿದೆ ಅಂದರು. ಗಂಡನಿಗೆ ಇನ್ಸುಲಿನ್ ಬರೆದುಕೊಟ್ಟ ದಿನದಿಂದ ರಾತ್ರಿ ಎರಡು ಸಲ ಎದ್ದು ಅವರ ಹಣೆ ಮುಟ್ಟಿ ಬೆವರಿದೆಯಾ ಅಂತ ನೋಡುತ್ತಾರೆ. ಇದು ಗಂಡನಿಗೆ ಗೊತ್ತೇ ಇಲ್ಲ. "ಏನಾದ್ರೂ ಕೇಳಿದ್ರೆ ರೇಗ್ತಾರೆ. ಇಷ್ಟಿದೆ ಅಂತ ಒಂದಿನ ಹೇಳಲ್ಲ. ನಾನು ಊಟದ ತಟ್ಟೆ ಬಿಟ್ಟು ಇನ್ನೇನು ಕಾಯ್ಲಿ?"

ಆಕೆಯನ್ನು ಕಾವಲುಗಾರ್ತಿ ಅಂತ ಬೈಯುವುದು ಸುಲಭ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಇಂಥವರ ಕಾಟವನ್ನು ಡಯಾಬಿಟಿಸ್ ಪೊಲೀಸ್ ಅಂತಲೇ ಕರೆಯುತ್ತಾರೆ. ನಾನು ಆ ಪದವನ್ನು ದಂಪತಿಗಳ ಮುಂದೆ ಬಳಸುವುದಿಲ್ಲ. ಗಂಡ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಹೆಂಡತಿಯ ಬಾಯಿ ಮುಚ್ಚಿಸಲು ಬಳಸುತ್ತಾನೆ. ಭಾರತವೂ ಸೇರಿ 17 ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಡಾನ್-2 ಅಧ್ಯಯನ ಕಾಯಿಲೆ ಇರುವವರ ಜೊತೆಗೆ ಮನೆಯವರನ್ನೂ ಮಾತಾಡಿಸಿತ್ತು. ಮನೆಯವರ ಮೇಲಿನ ಭಾರವೂ ದೊಡ್ಡದು ಅಂತ ಅದರಲ್ಲಿ ಗೊತ್ತಾಗಿತ್ತು. ಈ ಹೆಂಗಸಿನ ಭಯಕ್ಕೆ ಸರಿಯಾದ ಕೆಲಸ ಸಿಕ್ಕಿರಲಿಲ್ಲ. ಅದಕ್ಕೇ ಅದು ಒಬ್ಬಟ್ಟಿನ ಮೇಲೆ ಹೋಗಿ ಬಿದ್ದಿತ್ತು.

ಯಾರಿಗೆ ಎಷ್ಟು

ಮೇಷ್ಟ್ರಿಗೆ ಮೊದಲ ಭೇಟಿಯಲ್ಲೇ ಪೇಡ್ (PAID) ಅನ್ನುವ ಪ್ರಶ್ನಾವಳಿ ಕೊಟ್ಟಿದ್ದೆ, ಡಯಾಬಿಟಿಸ್‌ನಿಂದ ಮನಸ್ಸಿನ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಅಳೆಯುವುದು. 1995ರಲ್ಲಿ ಬೋಸ್ಟನ್ನಿನ ಜೋಸ್ಲಿನ್ ಡಯಾಬಿಟಿಸ್ ಸೆಂಟರಿನಲ್ಲಿ ಅದನ್ನು ಸಿದ್ಧಪಡಿಸಿದವರಲ್ಲಿ ಇದೇ ಪೊಲೊನ್ಸ್ಕಿ ಇದ್ದರು. 20 ಪ್ರಶ್ನೆ. ಪ್ರತಿಯೊಂದಕ್ಕೂ 0ರಿಂದ 4 ಅಂಕ. ಒಟ್ಟನ್ನು 1.25ರಿಂದ ಗುಣಿಸಿದರೆ 100ಕ್ಕೆ ಎಷ್ಟು ಅಂತ ಸಿಗುತ್ತದೆ. 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನಸ್ಸಿನ ಭಾರ ಗಂಭೀರ ಅಂತ ಅರ್ಥ. ನಾನು ಪೆನ್ನು ತೆಗೆಯುವ ಮುಂಚೆ ಮೇಷ್ಟ್ರೇ ಬಾಯಲ್ಲಿ ಲೆಕ್ಕ ಹಾಕಿ "61.25" ಅಂದರು. ಪೂರ್ತಿ 4 ಅಂಕ ಕೊಟ್ಟ ಪ್ರಶ್ನೆಗಳೆಂದರೆ: ಏನು ತಿನ್ನಬೇಕು ಅಂತ ಬೇರೆಯವರು ಹೇಳುವಾಗಿನ ಮುಜುಗರ, ಶುಗರ್ ಕೆಳಗೆ ಬೀಳುವ ಚಿಂತೆ, ಈ ಕಾಯಿಲೆಯ ಜೊತೆ ನಾನೊಬ್ಬನೇ ಅನ್ನುವ ಭಾವನೆ. ಔಷಧಿಯ ಬಗ್ಗೆಯಾಗಲಿ ಡಾಕ್ಟರ ಬಗ್ಗೆಯಾಗಲಿ ಅವರಿಗೆ ದೊಡ್ಡ ದೂರು ಇರಲಿಲ್ಲ.

ಒಂದು ಹಾಳೆಯಲ್ಲಿ ಅವರೇ ಕೋಷ್ಟಕ ಹಾಕಿದರು. ಎಡಗಡೆ ಜನ: ಹೆಡ್‌ಮಾಸ್ಟರು, ಪಿಟಿ ಮೇಷ್ಟ್ರು, ಹತ್ತನೇ ತರಗತಿ ಮಕ್ಕಳು, ಭಾವಮೈದ, ತಂಗಿ, ಮಗಳಿಗೆ ನೋಡುತ್ತಿರುವ ಗಂಡಿನ ಕಡೆಯವರು. ಬಲಗಡೆ, ಅವರಿಗೆ ಏನು ಗೊತ್ತಿರಬೇಕು, ಯಾಕೆ. ಮಕ್ಕಳ ಮುಂದೆ ಸೊನ್ನೆ ಬರೆದರು. ತಂಗಿಯ ಮುಂದೆ "ಎಲ್ಲ" ಅಂತ ಬರೆದು, ಹೊಡೆದು ಹಾಕಿ, ಮತ್ತೆ ಬರೆದರು. ಗಂಡಿನ ಕಡೆಯವರ ಮುಂದೆ ಖಾಲಿ ಬಿಟ್ಟರು.

ಶಾಲೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು ಅನ್ನುವುದರಲ್ಲಿ ನಾನು ರಾಜಿಯಾಗಲಿಲ್ಲ. ಇದು ಮಾನದ ವಿಷಯ ಅಲ್ಲ, ಜೀವದ ವಿಷಯ. ಪಿಟಿ ಮೇಷ್ಟ್ರನ್ನು ಆರಿಸಿಕೊಂಡರು. ಹೇಳಬೇಕಾದ ಮಾತನ್ನು ನನ್ನ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡಿದರು:

"ನಂಗೆ ಶುಗರ್ ಇದೆ ಸಾರ್, ಇನ್ಸುಲಿನ್ ತಗೋತೀನಿ. ಊಟ ತಡ ಆದ್ರೆ ಶುಗರ್ ಇಳಿಯುತ್ತೆ. ನಾನು ಬೆವರಿ, ಮಾತು ತೊದಲಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ರೆ ಇನ್ನೊಂದ್ಸಲ ಕೊಡಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ಇದು ನಿಮ್ಮಲ್ಲೇ ಇರಲಿ."

ಮೊದಲ ಮೂರು ಸಲ "ಇನ್ಸುಲಿನ್" ಅನ್ನುವಲ್ಲಿ ದನಿ ಇಳಿಯುತ್ತಿತ್ತು. ಬೀಜಗಣಿತ ಪಾಠ ಮಾಡುವ ದನಿಯಲ್ಲಿ ಹೇಳಿ ಅಂದೆ. ನಕ್ಕರು. ಆಮೇಲೆ ಬಂತು.

ಹೆಂಡತಿಯ ಜೊತೆ ಒಪ್ಪಂದವೂ ಆಯಿತು. ಜನರ ಮುಂದೆ ಆಕೆ ಊಟದ ಬಗ್ಗೆ ಮಾತಾಡುವುದಿಲ್ಲ. ಬದಲಿಗೆ ಮೇಷ್ಟ್ರು ದಿನಾ ರಾತ್ರಿ ಮೀಟರಿನ ಅಂಕಿಯನ್ನು ಕೇಳದೆಯೇ ಹೇಳುತ್ತಾರೆ. ಆಕೆ ಮೀಟರ್ ಬಳಸುವುದನ್ನು ನಮ್ಮಲ್ಲೇ ಕಲಿತರು. ಮಲಗುವಾಗ ಅಂಕಿ 100ರ ಆಚೀಚೆ ಇದ್ದರೆ ಏನು ಕೊಡಬೇಕು, ರಾತ್ರಿ ಬೆವರಿದರೆ ಏನು ಮಾಡಬೇಕು ಅಂತ ಡಾಕ್ಟರು ಬರೆದುಕೊಟ್ಟರು. ಸಿಹಿ ತಡೆಯುತ್ತಿದ್ದ ಕೈಗೇ ಗ್ಲುಕೋಸ್ ಡಬ್ಬಿ ಬಂತು. ರಾತ್ರಿ ಹಣೆ ಮುಟ್ಟಿ ನೋಡುವ ವಿಷಯ ಆಕೆ ಗಂಡನೆದುರು ಹೇಳಿದ್ದೂ ಅವತ್ತೇ. ಮೇಷ್ಟ್ರು "ಎಬ್ಬಿಸಬಾರದಾ?" ಅಂದರು. "ಎಬ್ಬಿಸಿದ್ರೆ ಬೈತೀರಲ್ಲ" ಅಂದರು ಆಕೆ.

ಡಾಕ್ಟರು ಬೆಳಗಿನ ಡೋಸ್ ಸ್ವಲ್ಪ ಇಳಿಸಿ, ಹನ್ನೊಂದೂವರೆಗೆ ಒಂದಿಷ್ಟು ಕಡಲೆಕಾಳು ಉಸಲಿ ತಿನ್ನಲು ಹೇಳಿದರು. ಡೋಸ್ ಬದಲಿಸುವುದು ಡಾಕ್ಟರ ಕೆಲಸ, ಓದುವವರು ದಯವಿಟ್ಟು ಇದನ್ನು ನಕಲು ಮಾಡಬೇಡಿ.

ಹೇಳಿದ ಮೇಲೆ

ಚೆನ್ನಾಗಿ ಶುರುವಾಗಲಿಲ್ಲ. ಪಿಟಿ ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ಅಯ್ಯೋ, ಇಷ್ಟು ಬೇಗ ಇನ್ಸುಲಿನ್ನಾ ಸಾರ್?" ಅಂದರಂತೆ. ಮೇಷ್ಟ್ರಿಗೆ ಅಲ್ಲಿಂದಲೇ ವಾಪಸ್ ಬರೋಣ ಅನ್ನಿಸಿತಂತೆ. ಆದರೆ ಆ ಮನುಷ್ಯ ಮಾರನೇ ದಿನ ಸ್ಪೋರ್ಟ್ಸ್ ರೂಮಿನ ಬೀರುವಿನಲ್ಲಿ ಗ್ಲುಕೋಸ್ ಪ್ಯಾಕೆಟ್ ತಂದಿಟ್ಟಿದ್ದರು. ಮೊದಲ ಮಾತು ಒರಟಾಗಿ ಬಂದವರೆಲ್ಲ ಕೈಕೊಡುವವರೇ ಆಗಿರುವುದಿಲ್ಲ.

ಹೆಡ್‌ಮಾಸ್ಟರ ಕಥೆ ಉಲ್ಟಾ. ಅವರು ಬಹಳ ಚೆನ್ನಾಗಿ ನಡೆದುಕೊಂಡರು. "ಮೊದಲೇ ಹೇಳೋದಲ್ವಾ?" ಅಂದು ಬಿಸಿಯೂಟದ ಉಸ್ತುವಾರಿಯನ್ನು ಬೇರೆಯವರಿಗೆ ಹಾಕಿದರು. ಆ ವಾರದ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, "ನಮ್ಮ ಮೇಷ್ಟ್ರಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ, ಎಲ್ಲರೂ ನೋಡ್ಕೊಳ್ಳಿ" ಅಂತ ಘೋಷಿಸಿಬಿಟ್ಟರು. ಹೆಡ್‌ಮಾಸ್ಟರಿಗೆ ಹೇಳುವಾಗ ಮೇಷ್ಟ್ರು ಕೊನೆಯ ವಾಕ್ಯ ಬಿಟ್ಟಿದ್ದರು, ನಿಮ್ಮಲ್ಲೇ ಇರಲಿ ಅನ್ನುವುದನ್ನು.

ಇವರು ಮತ್ತೆ ಎದ್ದು ಹೋದರೇನೋ ಅಂತ ನಾನು ಕೇಳಿದೆ. ಹೋಗಲಿಲ್ಲವಂತೆ. ಕೂತಲ್ಲಿಂದಲೇ, "ಹೌದು. ಜುಲೈನಲ್ಲಿ ನೀವೆಲ್ಲ ನೋಡಿದ್ರಲ್ಲ, ಅವತ್ತು ಆಗಿದ್ದೂ ಅದೇ" ಅಂದರಂತೆ. ಮೂಸಿ ನೋಡಿದ ಸಹೋದ್ಯೋಗಿ ತಲೆ ತಗ್ಗಿಸಿದರಂತೆ. ಕ್ಷಮೆ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಮೀಟಿಂಗ್ ಮುಗಿದ ಮೇಲೆ ಇಬ್ಬರು ಟೀಚರುಗಳು ಬೇರೆ ಬೇರೆಯಾಗಿ ಬಂದು ತಮಗೂ ಶುಗರ್ ಇದೆ ಅಂತ ಪಿಸುಗುಟ್ಟಿದರು. ಇದರಲ್ಲಿ ಆಶ್ಚರ್ಯ ಏನಿಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಡಯಾಬಿಟಿಸ್ ಇದೆ, ಅಂದರೆ ಸುಮಾರು 10 ಕೋಟಿ ಜನ. ಯಾವ ಸ್ಟಾಫ್ ರೂಮಿನಲ್ಲೂ ಒಬ್ಬರೇ ಇರುವ ಸಾಧ್ಯತೆ ಕಡಿಮೆ. ಆ ಇಬ್ಬರೂ ಯಾರಿಗೂ ಹೇಳಬೇಡಿ ಅಂದಿದ್ದಾರೆ. ಮೇಷ್ಟ್ರು ಅವರ ಹೆಸರನ್ನು ನನಗೂ ಹೇಳಲಿಲ್ಲ.

ಜನವರಿಯಲ್ಲಿ ಎಚ್‌ಬಿಎ1ಸಿ 8.1ಕ್ಕೆ ಇಳಿದಿತ್ತು. ಪೇಡ್ ಅಂಕ 42.5. ಇನ್ನೂ 40ರ ಮೇಲೆಯೇ ಇದೆ. ಶಾಲೆಯ ದಿನಗಳಲ್ಲಿ ಬೆಳಗಿನ ಇನ್ಸುಲಿನ್ ತಪ್ಪುತ್ತಿಲ್ಲ. ನೆಂಟರ ಮನೆಗೆ ಹೋದರೆ ಈಗಲೂ ಬಚ್ಚಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೇ ಚುಚ್ಚಿಕೊಳ್ಳುತ್ತಾರೆ. ಅದನ್ನು ಬದಲಿಸಲು ನಾನು ಒತ್ತಾಯ ಮಾಡಿಲ್ಲ. ಕೈ ತೊಳೆದು, ಸಮಯಕ್ಕೆ ತೆಗೆದುಕೊಂಡರೆ ಸಾಕು, ಬಾಗಿಲು ಹಾಕಿಕೊಳ್ಳುವುದು ಅವರಿಷ್ಟ. ಭಾವಮೈದನ ಮನೆಗೆ ಸಂಕ್ರಾಂತಿಗೆ ಹೋಗಿ ಉಂಡು ಬಂದಿದ್ದಾರೆ.

ಕೋಷ್ಟಕದ ಖಾಲಿ ಜಾಗ ಮಾತ್ರ ಹಾಗೇ ಇದೆ. ಮಗಳ ಮದುವೆ ಮಾತು ನಡೆಯುತ್ತಿದೆ. ಅಪ್ಪನಿಗೆ, ಅಜ್ಜನಿಗೆ ಇತ್ತು ಅಂದರೆ ಹುಡುಗಿಗೂ ಬರುತ್ತದೆ ಅಂತ ಗಂಡಿನ ಕಡೆಯವರು ಹಿಂಜರಿದರೆ ಅನ್ನುವುದು ಮೇಷ್ಟ್ರ ಭಯ. ಮೊದಲೇ ಹೇಳಿಬಿಡೋಣ ಅಂತ ಹೆಂಡತಿ, ನಿಶ್ಚಿತಾರ್ಥ ಆಗಲಿ ಅಂತ ಇವರು. ಅಪ್ಪ ಅಮ್ಮನಿಗೆ ಟೈಪ್ 2 ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು, ಬಂದೇ ತೀರುತ್ತದೆ ಅಂತೇನಿಲ್ಲ. ಅಷ್ಟನ್ನು ನಾನು ಹೇಳಬಲ್ಲೆ. ಗಂಡಿನ ಮನೆಯವರಿಗೆ ಯಾವಾಗ ಹೇಳಬೇಕು ಅನ್ನುವುದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಒಂದು ಮಾತು ಕೇಳಿದೆ: ಈ ವಿಷಯದಲ್ಲಿ ಮಗಳು ಏನಂತಾಳೆ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳನ್ನು ಯಾರೂ ಕೇಳಿರಲಿಲ್ಲ. ಮುಂದಿನ ಭೇಟಿಗೆ ಕರೆದುಕೊಂಡು ಬರುತ್ತಾರೆ.